ಕಾರಿನ ಬ್ರೇಕಿಗೂ ಕೀಲೆಣ್ಣೆ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮಾತನಾಡಲು ನಿಂತೆನೆಂದರೆ ಬಿತ್ತನೆ ಬೀಜ, ಮಣ್ಣಿಗೆ ಸುಣ್ಣ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಇವುಗಳ ವಿಷಯವೇ ಇರುತ್ತದೆಂದು ತಾವು ಎಣಿಸಿ ಬಂದಿರುತ್ತೀರಿ. ನಾನು ಓದಿದ್ದು ಕೃಷಿ ಡಿಪ್ಲೊಮಾ, ಮೋಟಾರಿನ ವಿದ್ಯೆಯಲ್ಲ. ಆದರೂ ಈ ದಿನ ಕಾರಿನ ಬ್ರೇಕಿನ ವಿಷಯವನ್ನು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಇದಕ್ಕೆ ಕಾರಣಗಳು ಎರಡು. ಮೂಡಿಗೆರೆ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ನಿಲ್ಲುತ್ತಿದ್ದ ಎಷ್ಟೋ ಅಂಗಳಗಳಲ್ಲಿ ಈಗ ಕಾರೋ ಪಿಕಪ್ ಗಾಡಿಯೋ ನಿಂತಿರುತ್ತದೆ. ಎತ್ತಿನ ಗಾಡಿಗೆ ಯಾವಾಗ ಏನು ಮಾಡಬೇಕೆಂಬುದು ಮನೆಯ ಹುಡುಗರಿಗೂ ಗೊತ್ತಿತ್ತು. ಈ ಗಾಡಿಯ ವಿಷಯದಲ್ಲಿ ಹಾಗಿಲ್ಲ. ಇದು ಮೊದಲನೆಯ ಕಾರಣ. ಎರಡನೆಯದು ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದ ಮಾತು ಆಮೇಲೆ ಸುಲಭವಾಗುತ್ತದೆ.

ನನ್ನದು ಬೇರೆಯವರು ಓಡಿಸಿ ಬಿಟ್ಟ ಒಂದು ಸಣ್ಣ ಕಾರು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಯಲ್ಲಿ, ಅದರ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳನ್ನು ನಾನೇ ಬದಲಾಯಿಸಿದೆನು. ಆಗ ಕ್ಯಾಲಿಪರಿನ ಗೈಡ್ ಪಿನ್ನುಗಳು ಒಣಗಿರುವುದು ಕಣ್ಣಿಗೆ ಬಿತ್ತು. ಪವರ್ ಟಿಲ್ಲರಿಗೆಂದು ತಂದಿದ್ದ ಗ್ರೀಸಿನ ಡಬ್ಬಿ ಪಕ್ಕದಲ್ಲಿಯೇ ಇತ್ತು. ಗ್ರೀಸು ಎಂದರೆ ಗ್ರೀಸೇ ತಾನೆ ಎಂದು ಬೆರಳಿನಿಂದ ಧಾರಾಳವಾಗಿ ಮೆತ್ತಿ, ಪಿನ್ನುಗಳನ್ನು ಕೂರಿಸಿ, ಕೆಲಸ ಚೆನ್ನಾಗಿ ಆಯಿತೆಂದು ಕೈ ತೊಳೆದುಕೊಂಡೆ.

ಕಾರ್ತಿಕ ಮಾಸದಲ್ಲಿ ಅಮ್ಮ, ಅಕ್ಕ, ಅಕ್ಕನ ಐದು ವರ್ಷದ ಮಗ, ಇವರನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆನು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಅದಕ್ಕೆ ಹದಿನೈದು ದಿನ ಮೊದಲಿನಿಂದಲೂ ಕಾರು ಎಡಕ್ಕೆ ಎಳೆಯುತ್ತಿತ್ತು. ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತಿತ್ತು. ಮಳೆಗೆ ಕಿತ್ತುಹೋದ ರಸ್ತೆಯಲ್ಲಿ ಓಡಾಡಿದ್ದರ ಫಲ, ಚಕ್ರದ ಅಲೈನ್‌ಮೆಂಟ್ ತಪ್ಪಿರಬೇಕೆಂದು ಸುಮ್ಮನಿದ್ದೆನು. ಘಾಟಿಯ ಕೆಲವು ತಿರುವುಗಳನ್ನು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದೆ ಇಳಿಯುತ್ತಿದ್ದ ಲಾರಿಯದಿರಬೇಕೆಂದುಕೊಂಡೆ. ಲಾರಿ ಮುಂದೆ ಹೋಯಿತು. ವಾಸನೆ ನಮ್ಮೊಂದಿಗೇ ಉಳಿಯಿತು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಗದ್ದೆಯ ಕೆಸರಿನಲ್ಲಿ ಕಾಲಿಟ್ಟಂತೆ ಮೆತ್ತಗೆ ಕೆಳಕ್ಕೆ ಹೋಯಿತು.

ಕಾರು ಎರಡನೆಯ ಗೇರಿನಲ್ಲಿದ್ದುದು ಪುಣ್ಯ. ಪೆಡಲನ್ನು ಮೇಲಿಂದ ಮೇಲೆ ಒತ್ತುತ್ತ, ಮೊದಲನೆಯ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು, ರಸ್ತೆ ಅಗಲವಿದ್ದ ಒಂದು ಕಡೆ ಹೇಗೋ ನಿಲ್ಲಿಸಿದೆನು. ಇಳಿದು ನೋಡಿದರೆ ಎಡಗಡೆಯ ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ನೀರಿನ ಬಾಟಲಿ ಹಿಡಿದು ಓಡಿದೆ. ಹಿಂದಿನಿಂದ ಬಂದ ಜೀಪಿನ ಚಾಲಕರೊಬ್ಬರು ಗಾಡಿ ನಿಲ್ಲಿಸಿ, “ನೀರು ಹಾಕಬೇಡಿ ಮಾರಾಯ್ರೇ, ಕಾದ ಡಿಸ್ಕು ಸೀಳಿಬಿಡುತ್ತೆ. ತಾನಾಗಿ ಆರಲಿ” ಎಂದು ತಡೆದರು. ಆ ಮಾತು ಸರಿಯೆಂದು ಈಗ ನನಗೆ ಗೊತ್ತು. ಒಂದು ಗಂಟೆ ಕಾದೆವು. ಅಮ್ಮ ಏನೂ ಅನ್ನಲಿಲ್ಲ. ಅಕ್ಕ ಮಗನನ್ನು ಮಡಿಲಿನಿಂದ ಇಳಿಸಲೇ ಇಲ್ಲ. ಅವರನ್ನು ಬಸ್ಸು ಹತ್ತಿಸಿ, ಕಾರನ್ನು ಬೇರೆ ಗಾಡಿಯ ಮೇಲೆ ಹಾಕಿಸಿಕೊಂಡು ಊರಿಗೆ ತಂದೆನು.

ಮರುದಿನ ಮೆಕ್ಯಾನಿಕರು ಚಕ್ರ ಬಿಚ್ಚಿದರು. ಒಳಗಿನ ಪ್ಯಾಡು ಹೆಚ್ಚು ಕಡಿಮೆ ತಗಡಿನವರೆಗೆ ಸವೆದಿತ್ತು. ಹೊರಗಿನದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಕೈಯಿಂದ ಎಳೆದರೆ ಬರಬೇಕಾದ ಪಿನ್ನು ಸುತ್ತಿಗೆಯ ಪೆಟ್ಟಿಗೂ ಬರಲೊಲ್ಲದು. ಬಂದಾಗ ಅದರ ತುದಿಯ ರಬ್ಬರು ಕೊಳವೆ ನೆನೆಸಿದ ಕಡಲೆಯ ಹಾಗೆ ಊದಿಕೊಂಡಿತ್ತು. ಅವರು ಕೇಳಿದ್ದು ಒಂದೇ ಮಾತು: “ಯಾವ ಗ್ರೀಸು ಹಾಕಿದ್ದಿರಿ?”

ಈಗ ಈ ಪಿನ್ನು ಎಂದರೇನು, ಅದು ಸಿಕ್ಕಿಕೊಂಡರೆ ಇಷ್ಟೆಲ್ಲ ಆಗುವುದೇಕೆ ಎಂಬುದನ್ನು ನೋಡೋಣ.

ನಮ್ಮ ಕಡೆ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿಯೂ ಪಿಕಪ್ಪುಗಳಲ್ಲಿಯೂ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ ಬ್ರೇಕು ಇರುತ್ತದೆ. ಚಕ್ರದ ಜೊತೆಯಲ್ಲಿ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಇಕ್ಕುಳವೇ ಕ್ಯಾಲಿಪರು. ಇಕ್ಕುಳದ ಎರಡು ದವಡೆಗಳಲ್ಲಿ ಒಂದೊಂದು ಪ್ಯಾಡು. ಇಲ್ಲೊಂದು ಗಮನಿಸತಕ್ಕ ಸಂಗತಿಯಿದೆ. ಒತ್ತುವ ಪಿಸ್ಟನ್ನು ಇರುವುದು ಒಳಗಡೆ ಮಾತ್ರ. ಹಾಗಾದರೆ ಹೊರಗಿನ ಪ್ಯಾಡನ್ನು ಒತ್ತುವವರು ಯಾರು? ಪಿಸ್ಟನ್ನು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದ ಕೂಡಲೆ, ಗೋಡೆಗೆ ಕಾಲು ಕೊಟ್ಟು ತಳ್ಳಿದವನು ತಾನೇ ಹಿಂದಕ್ಕೆ ಸರಿಯುವಂತೆ, ಇಡೀ ಕ್ಯಾಲಿಪರು ಒಳಕ್ಕೆ ಸರಿಯುತ್ತದೆ. ಸರಿಯುವಾಗ ಹೊರಗಿನ ಪ್ಯಾಡನ್ನು ಎಳೆದು ತಂದು ಡಿಸ್ಕಿಗೆ ಒತ್ತುತ್ತದೆ. ಹೀಗೆ ಸರಿದಾಡಲು ಅದಕ್ಕೆ ಹಳಿಗಳಂತೆ ಎರಡು ಪಿನ್ನುಗಳಿವೆ. ಕೈಬೆರಳಿನಷ್ಟಿರುವ ಉಕ್ಕಿನ ಈ ಪಿನ್ನುಗಳೇ ಗೈಡ್ ಪಿನ್ನು. ಅವು ಓಡಾಡುವ ತೂತಿನ ಬಾಯಿಗೆ ನೀರು, ದೂಳು ಹೋಗದಂತೆ ಮಡಿಕೆ ಮಡಿಕೆಯಾದ ರಬ್ಬರಿನ ಬೂಟು ಇರುತ್ತದೆ.

ಪಿನ್ನು ಸಿಕ್ಕಿಕೊಂಡರೆ ಕ್ಯಾಲಿಪರು ಸರಿಯಲಾರದು. ಒತ್ತಿದಾಗ ಒಳಗಿನ ಪ್ಯಾಡೇ ಹೆಚ್ಚಿನ ಕೆಲಸ ಮಾಡುತ್ತದೆ. ಕಾಲು ತೆಗೆದಾಗ ಪ್ಯಾಡು ಬಿಡಿಸಿಕೊಳ್ಳದೆ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಉಜ್ಜಿದರೆ ಕಾಯುತ್ತದೆ. ಆ ಕಾವು ಪಿಸ್ಟನ್ನಿನ ಹಿಂದಿರುವ ಬ್ರೇಕ್ ದ್ರವಕ್ಕೆ ಮುಟ್ಟುತ್ತದೆ. ಡಾಟ್ 3 ಎಂಬ ಹೊಸ ದ್ರವದ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಇರಕೂಡದೆಂದು ನಿಯಮವಿದೆ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುವ ಜಾತಿಯದು. ತೇವ ಹೀರಿದ ಮೇಲೆ ನಿಯಮ ಕೇಳುವುದು 140 ಡಿಗ್ರಿ ಮಾತ್ರ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೋಡೆಯ ಸುಣ್ಣವೇ ಬೂಸಲು ಹಿಡಿಯುತ್ತದೆ. ಇನ್ನು ಬ್ರೇಕಿನ ದ್ರವದ ಮಾತೇನು! ದ್ರವ ಕುದಿದರೆ ಆವಿಯಾಗುತ್ತದೆ. ಆವಿ ಅದುಮಿದರೆ ಕುಗ್ಗುತ್ತದೆ. ಪೆಡಲು ಮೆತ್ತಗೆ ಕೆಳಕ್ಕೆ ಹೋಗುವುದು ಹೀಗೆ. ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿರೆಂದು ಹೇಳುವುದು ಇದಕ್ಕಾಗಿಯೇ. ನಾನು ಅದನ್ನೂ ಮಾಡಿರಲಿಲ್ಲ.

ನಮ್ಮ ಹಿರಿಯರು ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುತ್ತಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ತೂಗುಹಾಕಿರುತ್ತಿದ್ದರು. ಎಣ್ಣೆ ಕಡಿಮೆಯಾದರೆ ಚಕ್ರವೇ ಕಿರುಗುಟ್ಟಿ ಹೇಳುತ್ತಿತ್ತು. ಗೈಡ್ ಪಿನ್ನು ಹೀಗೆ ಬಾಯಿಬಿಟ್ಟು ಹೇಳುವುದು ಕಡಿಮೆ. ಆದುದರಿಂದ ನಾವೇ ವಿಚಾರಿಸಿಕೊಳ್ಳಬೇಕು. ಬ್ರೇಕ್ ಒತ್ತಿದಾಗಲೋ ಸುಮ್ಮನೆ ಓಡುವಾಗಲೋ ಗಾಡಿ ಒಂದು ಕಡೆಗೆ ಎಳೆದರೆ ಅನುಮಾನ ಪಡಬೇಕು. ನಾಲ್ಕೈದು ಮೈಲಿ ಬ್ರೇಕ್ ಹೆಚ್ಚು ಒತ್ತದೆ ಓಡಿಸಿ ನಿಲ್ಲಿಸಿ, ಮುಂದಿನ ಎರಡು ಚಕ್ರಗಳ ಬಳಿ ಅಂಗೈ ಹಿಡಿದು ನೋಡಿರಿ. ಮುಟ್ಟಬೇಡಿರಿ, ಬಳಿಯಲ್ಲಿ ಹಿಡಿದರೆ ಸಾಕು. ಒಂದು ತಣ್ಣಗಿದ್ದು ಇನ್ನೊಂದು ಒಲೆಯಂತೆ ಕಾದಿದ್ದರೆ ಕಾದ ಕಡೆ ಏನೋ ಸಿಕ್ಕಿಕೊಂಡಿದೆ. ಪ್ಯಾಡುಗಳು ಒಂದು ದಪ್ಪ, ಒಂದು ತೆಳು ಆಗಿದ್ದರೂ ಹಾಗೆಯೇ. ಒಂದೇ ಪ್ಯಾಡು ಓರೆಯಾಗಿ ಸವೆದಿದ್ದರೆ ಎರಡು ಪಿನ್ನುಗಳಲ್ಲಿ ಒಂದು ಮಾತ್ರ ಸಿಕ್ಕಿಕೊಂಡಿರುವ ಸಂಭವವುಂಟು. ಬೈಕು ಇಟ್ಟುಕೊಂಡಿರುವ ಯುವಕರೂ ಕೇಳಿರಿ: ಬಹಳಷ್ಟು ಬೈಕುಗಳ ಮುಂದಿನ ಡಿಸ್ಕಿನಲ್ಲಿಯೂ ಇಂತಹವೇ ಪಿನ್ನುಗಳಿವೆ.

ಇನ್ನು ಕೆಲಸದ ಕ್ರಮ. ಇದನ್ನು ಸ್ವತಃ ಮಾಡುವ ಧೈರ್ಯವಿಲ್ಲದವರು ಗ್ಯಾರೇಜಿಗೆ ಕೊಡುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಪಕ್ಕದಲ್ಲಿ ನಿಂತು ನೋಡಿರಿ. ಪಿನ್ನು ಹೊರಗೆ ತೆಗೆದರೇ, ಯಾವ ಗ್ರೀಸು ಹಾಕಿದರು ಎಂದು ಕೇಳಿರಿ. ಪ್ಯಾಡು ಬದಲಾಯಿಸಿ ಪಿನ್ನು ಮುಟ್ಟದೆ ಕಳಿಸುವವರೂ ಇದ್ದಾರೆ.

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಅಡೆಗಲ್ಲು ಕೊಡಬೇಕು. ಚಕ್ರದ ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ಒಂದು ಸುತ್ತು ಸಡಿಲಿಸಿಕೊಳ್ಳಬೇಕು. ಜಾಕಿನಿಂದ ಎತ್ತಿದ ಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸತಕ್ಕದ್ದು. ಬರಿಯ ಜಾಕನ್ನು ನಂಬಿ ಕೆಲಸಕ್ಕೆ ಕೂರಕೂಡದು; ಸಿಮೆಂಟ್ ಇಟ್ಟಿಗೆ, ಕಾಫಿ ಗಿಡದ ದಿಮ್ಮಿ, ಇವನ್ನೆಲ್ಲ ಕೊಟ್ಟು ನಿಲ್ಲಿಸುವ ರೂಢಿಯನ್ನು ನಾನು ನಮ್ಮ ಊರುಗಳಲ್ಲಿ ನೋಡಿದ್ದೇನೆ. ಟೊಳ್ಳು ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಸ್ಟ್ಯಾಂಡು ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬೇಡಿರಿ.

ಒಂದು ಸಲಕ್ಕೆ ಒಂದೇ ಚಕ್ರವನ್ನು ಬಿಚ್ಚಿರಿ. ಜೋಡಿಸುವಾಗ ಅನುಮಾನ ಬಂದರೆ ಇನ್ನೊಂದು ಕಡೆಯದನ್ನು ನೋಡಿಕೊಳ್ಳಬಹುದು. ಕ್ಯಾಲಿಪರಿನ ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಬೋಲ್ಟು ಇರುತ್ತದೆ. ಬೋಲ್ಟು ತಿರುಗಿಸುವಾಗ ಪಿನ್ನೂ ಜೊತೆಗೆ ತಿರುಗುವುದುಂಟು. ಅದಕ್ಕಾಗಿ ಇನ್ನೊಂದು ಸ್ಪ್ಯಾನರಿನಿಂದ ಪಿನ್ನಿನ ತಲೆಯನ್ನು ಹಿಡಿದುಕೊಳ್ಳಬೇಕು. ಬಿಚ್ಚಿದ ಕ್ಯಾಲಿಪರನ್ನು ಬ್ರೇಕಿನ ರಬ್ಬರು ಪೈಪಿನಲ್ಲಿ ಜೋತಾಡಲು ಬಿಡಬಾರದು. ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿರಿ. ಅದು ಹಾಗೆ ಬಿಚ್ಚಿರುವಾಗ ಯಾರೂ ಪೆಡಲು ಒತ್ತದಂತೆ ಕಾಯಬೇಕು, ಒತ್ತಿದರೆ ಪಿಸ್ಟನ್ನು ಹೊರಗೆ ಬಂದೀತು. ಮಕ್ಕಳಿರುವ ಮನೆಯಲ್ಲಿ ಕಾರಿನ ಬಾಗಿಲಿಗೆ ಬೀಗ ಹಾಕಿಯೇ ಕೆಲಸಕ್ಕೆ ಕೂರಿರಿ. ಬ್ರೇಕಿನ ಕರಿ ದೂಳನ್ನು ಬಾಯಿಂದ ಊದಬೇಡಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿರಿ. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪಿನ್ನುಗಳನ್ನು ಎಳೆದು ತೆಗೆಯುವಾಗ ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಗುರುತು ಇಟ್ಟುಕೊಳ್ಳಬೇಕು. ನೋಡಲು ಅವಳಿಜವಳಿಯಂತಿದ್ದರೂ ಎಷ್ಟೋ ಗಾಡಿಗಳಲ್ಲಿ ಅವು ಒಂದೇ ಅಲ್ಲ. ಒಂದರ ತುದಿಯಲ್ಲಿ ರಬ್ಬರಿನ ಕೊಳವೆ ಇರುತ್ತದೆ, ಇನ್ನೊಂದು ಬರಿಯ ಉಕ್ಕು. ಅದಲು ಬದಲಾದರೆ ಮತ್ತೆ ಹಳೆಯ ಕಥೆಯೇ. ಹಳೆಯ ಗ್ರೀಸನ್ನು ಬಟ್ಟೆಯಿಂದ ಪೂರ್ತಿಯಾಗಿ ಒರೆಸಿ, ಅಂಗಡಿಯಲ್ಲಿ ಸಿಗುವ ಬ್ರೇಕ್ ಕ್ಲೀನರಿನಿಂದ ತೊಳೆಯಿರಿ. ಪಿನ್ನು ಓಡಾಡುವ ತೂತನ್ನೂ ಬಾಟಲಿ ತೊಳೆಯುವಂತಹ ಸಣ್ಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು; ಅರ್ಧ ಕೊಳೆ ಇರುವುದು ಅಲ್ಲಿಯೇ. ಸೀಮೆಎಣ್ಣೆ, ಡೀಸೆಲು, ಪೆಟ್ರೋಲುಗಳನ್ನು ರಬ್ಬರಿನ ಹತ್ತಿರ ತರಕೂಡದು.

ಶುಚಿಯಾದ ಪಿನ್ನನ್ನು ಬೆಳಕಿಗೆ ಹಿಡಿದು ಉಗುರಿನಿಂದ ಗೀರಿ ನೋಡಿರಿ. ಮೈ ನುಣುಪಾಗಿದ್ದರೆ ಅದನ್ನೇ ಹಾಕಬಹುದು. ತುಕ್ಕು ತಿಂದು ಉಗುರಿಗೆ ಸಿಗುವಂತೆ ಗುಳಿ ಬಿದ್ದಿದ್ದರೆ, ಬಾಗಿದ್ದರೆ, ಮೇಲಿನ ಹೊಳಪಿನ ಲೇಪ ಎದ್ದಿದ್ದರೆ ಹೊಸದನ್ನೇ ಹಾಕತಕ್ಕದ್ದು. ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡುವ ಜಾಣತನ ಬೇಡ. ಲೇಪ ಹೋದ ಉಕ್ಕು ಒಂದೇ ಮಳೆಗಾಲಕ್ಕೆ ಮತ್ತೆ ತುಕ್ಕು ಹಿಡಿಯುತ್ತದೆ. ಬೂಟು ಹರಿದಿದ್ದರೂ, ಊದಿದ್ದರೂ, ಅದನ್ನೂ ಬದಲಾಯಿಸಬೇಕು. ಪಿನ್ನು, ಬೂಟು ಎರಡೂ ಸೇರಿದ ಕಿಟ್ಟು ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳಲ್ಲಿ ಸಿಗುತ್ತದೆ. ಅಂಗಡಿಗೆ ಹೋಗುವಾಗ ಗಾಡಿಯ ಮಾದರಿ, ತಯಾರಾದ ವರ್ಷ ಬರೆದುಕೊಂಡು ಹಳೆಯ ಪಿನ್ನನ್ನೂ ಒಯ್ದು, ಉದ್ದ ದಪ್ಪ ಹೋಲಿಸಿ ತನ್ನಿರಿ.

ಈಗ ಮುಖ್ಯವಾದ ಗ್ರೀಸಿನ ಮಾತು. ನಾವೆಲ್ಲರೂ ‘ಬ್ರೇಕ್ ಆಯಿಲ್’ ಎಂದು ಕರೆಯುತ್ತೇವೆ. ಹೆಸರಿಗೆ ಆಯಿಲು, ಆದರೆ ಸಾಮಾನ್ಯವಾಗಿ ಸಿಗುವ ಡಾಟ್ 3, ಡಾಟ್ 4 ದ್ರವಗಳು ಎಣ್ಣೆಯೇ ಅಲ್ಲ. ಗ್ಲೈಕಾಲ್ ಎಂಬ ಬೇರೆ ವರ್ಗದ ರಾಸಾಯನಿಕಗಳು. ಈ ದ್ರವವನ್ನು ತಾಳುವಂತಹ ವಿಶೇಷ ರಬ್ಬರನ್ನು ಬ್ರೇಕಿನಲ್ಲಿ ಬಳಸಿರುತ್ತಾರೆ. ಆ ರಬ್ಬರಿಗೆ ನೆಲದಿಂದ ತೆಗೆದ ಖನಿಜ ತೈಲ ಆಗಿಬರುವುದಿಲ್ಲ. ಹೀರಿಕೊಂಡು ಊದುತ್ತದೆ, ಮೆತ್ತಗಾಗುತ್ತದೆ. ಟಿಲ್ಲರಿನ ಗ್ರೀಸು, ಚಕ್ರದ ಬೇರಿಂಗಿನ ಗ್ರೀಸು, ಎಂಜಿನ್ ಆಯಿಲು, ಇವೆಲ್ಲ ಸಾಮಾನ್ಯವಾಗಿ ಖನಿಜ ತೈಲದಿಂದಲೇ ಆದವು. ತಮ್ಮ ತಮ್ಮ ಜಾಗದಲ್ಲಿ ಅವು ಒಳ್ಳೆಯವೇ. ಬ್ರೇಕಿನ ಪಿನ್ನಿಗೆ ಬೇಕಾದುದು ಸಿಲಿಕೋನ್ ಗ್ರೀಸು, ಇಲ್ಲವೆ ಕ್ಯಾಲಿಪರ್ ಪಿನ್ನಿಗೆಂದೇ ಡಬ್ಬಿಯ ಮೇಲೆ ಬರೆದಿರುವ, ಕಾವು ತಾಳುವ ಸಿಂಥೆಟಿಕ್ ಗ್ರೀಸು. ಒಂದು ಸಣ್ಣ ಟ್ಯೂಬು ಒಂದು ಮನೆಯ ಗಾಡಿಗೆ ವರ್ಷಗಟ್ಟಲೆ ಬರುತ್ತದೆ. ನಾಲ್ಕು ಮನೆಯವರು ಸೇರಿ ಒಂದು ತಂದುಕೊಂಡರೂ ಸಾಕು.

ಇಲ್ಲೊಂದು ಸ್ವಾರಸ್ಯವಿದೆ. ಮೊದಮೊದಲ ಮೋಟಾರುಗಳಲ್ಲಿ ಬ್ರೇಕಿನ ದ್ರವವನ್ನು ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿಯೇ ಮಾಡುತ್ತಿದ್ದರು. ಆ ಕಾಲದ ರಬ್ಬರಿಗೆ ಅದು ಹೊಂದುತ್ತಿತ್ತು. ನಮ್ಮ ಕೀಲೆಣ್ಣೆಯ ಹರಳೆಣ್ಣೆ ಮೋಟಾರಿನ ಬ್ರೇಕಿನಲ್ಲಿಯೂ ಓಡಾಡಿ ಬಂದಿದೆಯೆಂದಾಯಿತು. ಹಾಗೆಂದು ಯಾರೂ ಈಗ ಮನೆಯ ಹರಳೆಣ್ಣೆಯನ್ನು ಪಿನ್ನಿಗೆ ಹಚ್ಚಲು ಹೋಗಬೇಡಿ. ಆ ರಬ್ಬರೂ ಹೋಯಿತು, ಆ ದ್ರವವೂ ಹೋಯಿತು.

ಗ್ರೀಸು ಎಷ್ಟು ಹಾಕಬೇಕು? ಹೆಂಚಿನ ಮೇಲೆ ಎಣ್ಣೆ ಸವರುವಷ್ಟು. ಪಿನ್ನಿನ ಮೈಗೆಲ್ಲ ತೆಳ್ಳಗೆ ಒಂದು ಲೇಪ, ಬೂಟಿನ ಒಳತುಟಿಗೆ ಸ್ವಲ್ಪ, ಅಷ್ಟೇ. ತೂತಿನೊಳಗೆ ಗ್ರೀಸು ತುಂಬಿದರೆ ಹೋಗಲು ಜಾಗವಿಲ್ಲದೆ ಪಿನ್ನನ್ನು ಹಿಂದಕ್ಕೆ ತಳ್ಳುತ್ತದೆ, ಕ್ಯಾಲಿಪರು ಸರಿಯುವುದನ್ನು ತಡೆಯುತ್ತದೆ. ನಾನು ಆ ತಪ್ಪನ್ನೂ ಮಾಡಿದ್ದೆನೆಂದು ಮೊದಲೇ ಒಪ್ಪಿಕೊಂಡಿದ್ದೇನೆ. ಪಿನ್ನನ್ನು ಒಳಕ್ಕೆ ತಳ್ಳಿ ಬೂಟಿನ ತುಟಿಯನ್ನು ಅದರ ಗಾಡಿಯಲ್ಲಿ ಸರಿಯಾಗಿ ಕೂರಿಸಿ. ಬೆರಳಿನಿಂದ ತಳ್ಳಿದರೆ ಹೋಗಬೇಕು, ಎಳೆದರೆ ಬರಬೇಕು, ಕೈ ಬಿಟ್ಟರೆ ಅಲ್ಲಿಯೇ ನಿಲ್ಲಬೇಕು. ಚಿಮ್ಮಿ ವಾಪಸು ಬಂದರೆ ಗ್ರೀಸು ಹೆಚ್ಚಾಗಿದೆ ಅಥವಾ ಒಳಗೆ ಗಾಳಿ ಸಿಕ್ಕಿದೆ. ತೆಗೆದು ಒರೆಸಿ ಮತ್ತೆ ಹಾಕಿರಿ. ಪ್ಯಾಡಿನ ಉಜ್ಜುವ ಮೈಗಾಗಲಿ ಡಿಸ್ಕಿಗಾಗಲಿ ಗ್ರೀಸಿನ ಬೆರಳು ಸಹ ತಾಗಬಾರದು.

ಹೊಸ ಪ್ಯಾಡು ಹಾಕುವುದಾದರೆ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕಾಗುತ್ತದೆ. ಆಗ ಬಾನೆಟ್ಟಿನ ಕೆಳಗಿನ ದ್ರವದ ಡಬ್ಬಿ ತುಂಬಿ ಚೆಲ್ಲಬಹುದು, ನೋಡಿಕೊಳ್ಳಿರಿ. ಚೆಲ್ಲಿದ ದ್ರವ ಕಾರಿನ ಬಣ್ಣವನ್ನು ಸುಲಿಯುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ. ಕ್ಯಾಲಿಪರಿನ ಬೋಲ್ಟು ಸಣ್ಣದು; ಎಷ್ಟು ಬಿಗಿಯಬೇಕೆಂಬ ಅಳತೆ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಅಷ್ಟೇ ಬಿಗಿಯಿರಿ. ಚಕ್ರದ ನಟ್ಟು ಬಿಗಿಯುವಂತೆ ಸ್ಪ್ಯಾನರಿನ ಮೇಲೆ ನಿಂತು ಬಿಗಿದರೆ ತಿರುಪು ಹರಿಯುತ್ತದೆ. ಒಂದು ಕಡೆ ಮಾಡಿದ ಮೇಲೆ ಇನ್ನೊಂದು ಕಡೆಯದನ್ನೂ ಮಾಡಿಯೇ ಏಳಬೇಕು. ಜೋಡೆತ್ತುಗಳಲ್ಲಿ ಒಂದೇ ಎತ್ತಿಗೆ ಲಾಳ ಕಟ್ಟುವವರುಂಟೆ?

ಚಕ್ರ ಹಾಕಿ, ಗಾಡಿ ಇಳಿಸಿ, ನಟ್ಟುಗಳನ್ನು ಎದುರು ಬದುರಾಗಿ ಬಿಗಿದ ಮೇಲೆ, ಎಂಜಿನ್ನು ಚಾಲೂ ಮಾಡಿ ಹೊರಡುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಇದನ್ನು ಮರೆತವನಿಗೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಅಂಗಳದ ಕೊನೆಯಲ್ಲಿ ಅಡಿಕೆ ಮರವೋ ಕೆರೆಯೋ ಇರುತ್ತದೆ. ದ್ರವದ ಮಟ್ಟ ನೋಡಿ, ಊರೊಳಗೆ ನಿಧಾನವಾಗಿ ಓಡಿಸಿ ನಾಲ್ಕಾರು ಸಲ ನಿಲ್ಲಿಸಿ ನೋಡಿರಿ. ಆಮೇಲೆ ಮತ್ತೆ ಎರಡು ಚಕ್ರಗಳ ಬಳಿ ಅಂಗೈ ಹಿಡಿದು ಕಾವು ಹೋಲಿಸಿರಿ.

ವರ್ಷಕ್ಕೊಮ್ಮೆ ಈ ಕೆಲಸ ಮಾಡಿದರೆ ಸಾಮಾನ್ಯವಾಗಿ ಸಾಕು. ಪ್ಯಾಡು ಬದಲಾಯಿಸಿದಾಗಲಂತೂ ಬಿಡಬಾರದು. ನಮ್ಮ ಕಡೆ ಮಳೆ ಹೊರಪಾದ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮುಂಚೆ ಮಾಡುವುದು ಅನುಕೂಲ. ಜೂನಿನಿಂದ ತಿಂದ ಕೆಸರು ನೀರೆಲ್ಲ ಆಗ ಬೂಟಿನ ಸುತ್ತ ಕಟ್ಟಿಕೊಂಡಿರುತ್ತದೆ. ಮುಂದೆ ಮೂಟೆ ಹೇರಿಕೊಂಡು ಓಡುವ ದಿನಗಳು. ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಚಾಲಕರ ಮಾತನ್ನು ಎಲ್ಲರೂ ಕೇಳಿದ್ದೀರಿ. ಅಂದು ಚಾರ್ಮಾಡಿಯಲ್ಲಿ ನಮ್ಮನ್ನು ಉಳಿಸಿದ್ದು ಆ ಒಂದು ಅಭ್ಯಾಸವೇ.

ಮಾತಿನಲ್ಲಿ ಕೇಳಿದ್ದಕ್ಕಿಂತ ಕಣ್ಣಿನಲ್ಲಿ ಕಂಡದ್ದು ನಿಲ್ಲುತ್ತದೆ. ಆದುದರಿಂದ ಬರುವ ಶನಿವಾರ ಬೆಳಿಗ್ಗೆ 10 ಗಂಟೆಗೆ ಇದೇ ಸಭಾಭವನದ ಮುಂದೆ ನನ್ನ ಕಾರಿನ ಎರಡೂ ಮುಂದಿನ ಚಕ್ರಗಳನ್ನು ಬಿಚ್ಚಿ ಪ್ರಾತ್ಯಕ್ಷಿಕೆ ಮಾಡುವುದೆಂದು ಗೊತ್ತುಮಾಡಿದೆ. ಅಂದು ಸುತ್ತಿಗೆ ಪೆಟ್ಟು ಕೊಟ್ಟು ಪಿನ್ನು ತೆಗೆದ ಮೆಕ್ಯಾನಿಕರೂ ಬರಲು ಒಪ್ಪಿದ್ದಾರೆ; ನಾನು ತಪ್ಪಿದರೆ ತಿದ್ದುತ್ತಾರೆ. ಊದಿದ ಹಳೆಯ ಪಿನ್ನನ್ನು ನಾನು ಎಸೆದಿಲ್ಲ, ಅದನ್ನೂ ತರುತ್ತೇನೆ. ಬರುವವರು ಹಳೆಯ ಬಟ್ಟೆ ಉಟ್ಟು ಬನ್ನಿ; ಮನೆಯಲ್ಲಿರುವ ಗ್ರೀಸಿನ ಡಬ್ಬಿಗಳನ್ನೂ ತನ್ನಿ, ಅದರ ಮೇಲೆ ಏನು ಬರೆದಿದೆಯೆಂದು ಕೂತು ಓದೋಣ.